ಬರಿನೀರಿನ ಸಾಲು

ಸಾಯಬೇಕಾಗಿದ್ದ ನೂರ ಅರವತ್ತು ಬೇವಿನ ಸಸಿಗಳು ಅರವತ್ತೊಂದನೆಯ ದಿನವೂ ಸಾಯದೆ ನಿಂತಿದ್ದವು. ಡಾಕ್ಟರ್ ಧೃತಿಯ ತಲೆ ಕೆಟ್ಟದ್ದು ಇದೇ ಕಾರಣಕ್ಕೆ. ಗಿಡ ಬದುಕಿತೆಂದು ಕಣ್ಣೀರು ಹಾಕುವ ವಿಜ್ಞಾನಿಯನ್ನು ನೀವು ಕಂಡಿರಲಿಕ್ಕಿಲ್ಲ. ಬಿಳಿಹಾಳದ ನಿಯಂತ್ರಣ ಕೋಣೆಯಲ್ಲಿ ಆ ಬೆಳಿಗ್ಗೆ ಅಂಥವಳೊಬ್ಬಳು ಕೂತಿದ್ದಳು.

ಎದುರಿನ ಪರದೆಯ ಮೇಲೆ ಎರಡು ಗೆರೆಗಳು. ಹಸಿರು ಗೆರೆ ಔಷಧ ಸಿಂಪಡಿಸಿದ ಸಸಿಗಳದು, ಕಂದು ಗೆರೆ ಬರಿನೀರು ಕುಡಿದ ಸಸಿಗಳದು. ಇಷ್ಟು ಹೊತ್ತಿಗೆ ಕಂದು ಗೆರೆ ಪಾತಾಳ ಕಾಣಬೇಕಿತ್ತು. ಅದು ಹಸಿರು ಗೆರೆಯ ಹೆಗಲಿಗೆ ಹೆಗಲು ಕೊಟ್ಟುಕೊಂಡು ಹೊರಟಿತ್ತು. ಸಾಲದ್ದಕ್ಕೆ ಈ ವಾರ ಒಂದು ಕೂದಲೆಳೆ ಮೇಲೆಯೇ ಇತ್ತು.

"ಮೇಡಂ, ಕಂದು ಗೆರಿಗೆ ಹಸರು ಬಣ್ಣ ಹಚ್ಚಿಬಿಡ್ಲೇನ್ರಿ? ಎಲ್ಲಾ ಸರಿಹೋಗತೈತಿ," ಎಂದ ಮೌಲಾಲಿ. ಅವನು ಕೋಣೆಯ ಯಂತ್ರಗಳನ್ನು ನೋಡಿಕೊಳ್ಳುವವನು. ವಯಸ್ಸು ಐವತ್ತು ದಾಟಿತ್ತು, ನಾಲಗೆಗೆ ಮಾತ್ರ ಹದಿನೆಂಟು.

"ಸುಮ್ನಿರಿ ಮೌಲಾಲಿ. ನಗೋ ಹೊತ್ತಲ್ಲ ಇದು."

ನಿಜಕ್ಕೂ ಅಲ್ಲ. ಯಾಕೆಂದು ಹೇಳುತ್ತೇನೆ. ಇದು ನಡೆಯುವುದು ಇನ್ನು ಮೂವತ್ತು ವರ್ಷದ ಮೇಲೆ. ಬಿಳಿಹಾಳ ಎಂಬುದು ತುಂಗಭದ್ರೆಯ ಎಡದಂಡೆ ಕಾಲುವೆ ಉಸಿರು ಬಿಡುವ ಕೊನೆಯ ಊರು. ಎರಡು ತಲೆಮಾರು ಭತ್ತದ ಗದ್ದೆಗೆ ನೀರು ನಿಲ್ಲಿಸಿ ನಿಲ್ಲಿಸಿ, ನೆಲದೊಳಗಿನ ನೀರು ಮೇಲಕ್ಕೆ ಬಂದಿತ್ತು. ಬರುವಾಗ ಬರಿಗೈಲಿ ಬರಲಿಲ್ಲ, ಉಪ್ಪು ಹೊತ್ತು ತಂದಿತು. ಕರಿ ಎರೆಭೂಮಿಯ ಮೇಲೆ ಹಪ್ಪಳ ಒಣಹಾಕಿದಂತೆ ಬಿಳಿ ಪದರ. ಅದಕ್ಕೆ ಅಲ್ಲಿಯವರು ಸವಳು ಎನ್ನುತ್ತಾರೆ. ಸವಳು ಈಗ ಊರಿನ ಒಂದೇ ಒಂದು ಸಿಹಿನೀರಿನ ಬಾವಿಯಿಂದ ನಾನೂರು ಮೀಟರ್ ದೂರಕ್ಕೆ ಬಂದು ನಿಂತಿತ್ತು. ಬಾವಿ ಉಪ್ಪಾದ ದಿನ ಊರನ್ನೇ ಎತ್ತಿ ಮೂವತ್ತು ಮೈಲಿ ಆಚೆ ಇಡುವುದೆಂದು ಸರ್ಕಾರದ ಆದೇಶ ಆಗಲೇ ಸಿದ್ಧವಾಗಿತ್ತು. ಸಹಿ ಒಂದು ಬಾಕಿ.

ತಪ್ಪಿಸಲು ಇದ್ದ ದಾರಿಯೂ ಒಂದೇ. ಬಾವಿಗೂ ಸವಳಿಗೂ ನಡುವೆ ಬೇವಿನ ಮರಗಳ ಅಗಲವಾದ ಪಟ್ಟಿ ಬೆಳೆಸುವುದು. ಬೆಳೆದ ಮರ ಆಳದ ನೀರನ್ನು ಹೀರಿ ಹೀರಿ ಕೆಳಗಿಳಿಸುತ್ತದೆ, ನೀರು ಇಳಿದರೆ ಉಪ್ಪು ಮೇಲೇರುವುದಿಲ್ಲ. ಬೆಳೆದ ಬೇವು ಸವಳನ್ನು ತಡೆದುಕೊಂಡೀತು. ಆದರೆ ಗೇಣುದ್ದದ ಸಸಿಯ ಕೈಲಿ ಆಗುವುದಿಲ್ಲ. ಮೊದಲ ವರ್ಷ ದಾಟಿಸುವುದೇ ಕಷ್ಟ.

ಉಪ್ಪುಮಣ್ಣಿನಲ್ಲಿ ನೀರಿದ್ದರೂ ಬೇರಿಗೆ ದಕ್ಕುವುದಿಲ್ಲ, ಉಪ್ಪೇ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಗ ಗಿಡ ತನ್ನ ಜೀವಕೋಶಗಳೊಳಗೆ ಪ್ರೋಲೀನ್ ಎಂಬ ಅಮೈನೋ ಆಮ್ಲವನ್ನು ತಯಾರಿಸಿ ಕೂಡಿಡುತ್ತದೆ. ಅದು ನೀರನ್ನು ಒಳಕ್ಕೆಳೆದು ಹೋಗದಂತೆ ಹಿಡಿಯುತ್ತದೆ. ದೊಡ್ಡ ಮರಕ್ಕೆ ಇದು ಲೆಕ್ಕಕ್ಕಿಲ್ಲ. ಎಳೆ ಸಸಿ ಮಾತ್ರ ಈ ಅಡುಗೆಯಲ್ಲೇ ಸುಸ್ತಾಗಿ, ಬೆಳೆಯುವುದನ್ನು ಮರೆತು, ಕಡೆಗೆ ಒಣಗಿಹೋಗುತ್ತದೆ. ಹಾಗಾದರೆ ಅಡುಗೆ ನಾವೇ ಮಾಡಿ ಎಲೆಯ ಮೇಲೆ ಬಡಿಸಿದರೆ? ಧೃತಿ ಹನ್ನೊಂದು ವರ್ಷ ಬೆನ್ನು ಹತ್ತಿದ ಪ್ರಶ್ನೆ ಇದು. ಇದಕ್ಕಾಗಿ ಮೈಸೂರು ಬಿಟ್ಟು ಈ ಬಿಸಿಲಿಗೆ ಬಂದಿದ್ದಳು.

ಹನ್ನೆರಡು ಸಾಲಿಗೆ ಪ್ರೋಲೀನ್ ಸಿಂಪಡಣೆ, ದಿನಕ್ಕೆರಡು ಸಾಲಿನಂತೆ, ಅಂದರೆ ಒಂದೊಂದು ಸಾಲಿಗೆ ವಾರಕ್ಕೊಮ್ಮೆ. ನಾಲ್ಕು ಸಾಲಿಗೆ ಏನೂ ಇಲ್ಲ, ಬರಿನೀರು. ಸಾಲಿಗೆ ನಲವತ್ತು ಸಸಿ, ಒಂದೊಂದೂ ಸವಳು ಮಣ್ಣು ತುಂಬಿದ ಚೀಲದಲ್ಲಿ. ಪ್ರತಿ ಸಸಿಯ ಒಂದು ಎಲೆಗೆ ಬಿಂದಿಯಷ್ಟು ಗಾತ್ರದ ಒಂದು ಅಂಟುಪಟ್ಟಿ. ಎಲೆಯೊಳಗೆ ನೀರೆಷ್ಟಿದೆ ಎಂದು ಅದು ಗಳಿಗೆಗೊಮ್ಮೆ ಹೇಳುತ್ತದೆ. ಅದನ್ನೆಲ್ಲ ಕೇಳಿಸಿಕೊಂಡು ಗೆರೆ ಎಳೆಯುವ ಯಂತ್ರದ ಹೆಸರು ಸಾಕ್ಷಿ. ತೊಂಬತ್ತನೆಯ ದಿನ ಸಾಕ್ಷಿ ಹೇಳಿದ್ದೇ ಸರ್ಕಾರದ ಸಮಿತಿಗೆ ತೀರ್ಪು. ಎರಡು ಗೆರೆಗಳ ನಡುವೆ ಅಂತರ ಕಾಣದಿದ್ದರೆ ಔಷಧಕ್ಕೆ ಗುಣವಿಲ್ಲ ಎಂದರ್ಥ. ಔಷಧವಿಲ್ಲದಿದ್ದರೆ ಮರವಿಲ್ಲ, ಮರವಿಲ್ಲದಿದ್ದರೆ ಊರಿಲ್ಲ.

ಧೃತಿ ಏನೇನು ನೋಡಲಿಲ್ಲ ಹೇಳಿ. ಬರಿನೀರಿನ ಸಾಲಿನ ಚೀಲಗಳ ಮಣ್ಣು ಬಗೆದು ಪರೀಕ್ಷಿಸಿದಳು, ಎಲ್ಲದರಂತೆ ಅದೂ ಸವಳೇ. ಕೊಳವೆಬಾವಿಯ ನೀರು ನೋಡಿದಳು, ಅದೇ ಉಪ್ಪು. ಸಿಂಪಡಣೆ ಯಂತ್ರದ ನಲ್ಲಿ ಎಷ್ಟು ಬಾರಿ ತೆರೆಯಿತು, ಯಾವ ಸಾಲಿನ ಮುಂದೆ ತೆರೆಯಿತು, ಎಲ್ಲವೂ ಸಾಕ್ಷಿಯ ಬಳಿ ಇತ್ತು. ಎಲ್ಲೂ ತಪ್ಪಿಲ್ಲ.

"ಬೇವು ಅಂದ್ರ ಭಾಳ ಮೊಂಡ ಗಿಡ ರೀ," ಎಂದ ಮೌಲಾಲಿ, ಈ ಬಾರಿ ನಗದೆ.

"ಇಷ್ಟು ಮೊಂಡ ಇರೋ ಹಾಗಿದ್ರೆ ನಾನು ಇಲ್ಲಿಗೆ ಯಾಕೆ ಬರ್ತಿದ್ದೆ?" ಎಂದು ಧೃತಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

ಧೃತಿ ಬಿಡಾರ ಹೂಡಿದ್ದು ಹುಲಿಗೆಮ್ಮನ ಮನೆಯ ಮುಂದಿನ ಕೋಣೆಯಲ್ಲಿ. ಸಸಿತೋಟದ ಹನ್ನೊಂದು ಹೆಂಗಸರಿಗೆ ಹುಲಿಗೆಮ್ಮ ಮೇಸ್ತ್ರಿ. ಅರವತ್ತರ ಹತ್ತಿರದ ಗಟ್ಟಿ ಜೀವ, ಮಾತು ಹಿತಮಿತ. ಅವಳು ಕೈಯಿಟ್ಟ ಚೀಲದಲ್ಲಿ ಬೀಜ ಹುಸಿಹೋಗುವುದಿಲ್ಲ ಎಂದು ಉಳಿದ ಹೆಂಗಸರು ಹೇಳುತ್ತಿದ್ದರು. ಧೃತಿಗೆ ಅಂಥ ಮಾತುಗಳಲ್ಲಿ ನಂಬಿಕೆಯಿಲ್ಲ. ಆದರೂ ಬೆಲೆಬಾಳುವ ಬೀಜವಿದ್ದರೆ ಅವಳ ಕೈಗೇ ಕೊಡುತ್ತಿದ್ದಳು.

ಆ ಸಂಜೆ ಹುಲಿಗೆಮ್ಮನ ಗಂಡ ತಿಮ್ಮಪ್ಪನೂ ಧೃತಿಯೂ ಊಟಕ್ಕೆ ಕೂತಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಯ, ಹಿಂದಿನ ದಿನದ ಅಮಾವಾಸ್ಯೆಯ ಅಡುಗೆಯಲ್ಲಿ ಉಳಿದ ಎರಡು ಶೇಂಗಾ ಹೋಳಿಗೆ. ಹೋಳಿಗೆ ತಟ್ಟೆಗೆ ಬೀಳಬೇಕು, ಅಷ್ಟರಲ್ಲಿ ಮೌಲಾಲಿ ವಾರದ ವರದಿಗೆ ಧೃತಿಯ ಸಹಿ ಬೇಕೆಂದು ಬಾಗಿಲಿಗೆ ಬಂದ.

"ಬಾ, ಕುಂದ್ರು," ಎಂದಳು ಹುಲಿಗೆಮ್ಮ.

"ಉಂಡ ಬಂದೀನಿ ಹುಲಿಗೆಮ್ಮಕ್ಕ."

"ಉಂಡರ ಏನಾತು. ಕುಂದ್ರು."

ಕೂತ. ಹುಲಿಗೆಮ್ಮ ಎರಡು ಹೋಳಿಗೆಯನ್ನು ಒಂದರ ಮೇಲೊಂದು ಇಟ್ಟು, ಸೌಟಿನ ಹಿಡಿಯಿಂದ ಒತ್ತಿ ಮೂರು ಸಮ ಪಾಲು ಮಾಡಿದಳು. ಅಳತೆ ಪಟ್ಟಿ ಇಟ್ಟರೂ ಅಷ್ಟು ಸಮ ಬರುತ್ತಿರಲಿಲ್ಲ.

"ನಂಗೆ ಬೇಡಮ್ಮ, ಹಸಿವಿಲ್ಲ. ಅವರಿಬ್ಬರಿಗೂ ಪೂರ್ತಿ ಹಾಕ್ಬಿಡಿ," ಎಂದಳು ಧೃತಿ.

"ಒಂದ ಸಾಲಿನ್ಯಾಗ ಕುಂತೀರಿ. ಇಬ್ಬರಿಗೆ ಹಾಕಿ ಒಬ್ಬರಿಗೆ ಬಿಟ್ರ, ಉಂಡವರಿಗೂ ಮೈಗೆ ಹತ್ತಾಂಗಿಲ್ರಿ," ಎಂದು ಹುಲಿಗೆಮ್ಮ ಮೂರನೆಯ ಪಾಲನ್ನು ಅವಳ ತಟ್ಟೆಗೆ ಹಾಕಿಯೇಬಿಟ್ಟಳು. "ಪಂಕ್ತ್ಯಾಗ ಭೇದ ಮಾಡಬಾರದು. ನಮ್ಮವ್ವ ಹೇಳಿಕೊಟ್ಟದ್ದು ಇದೊಂದ."

"ಗಿಡಗಳ ಸಾಲಿಗೂ ಹಾಗೇನಾ?" ಧೃತಿ ಕೇಳಿದ್ದು ಬರೀ ತಮಾಷೆಗೆ.

"ಮತ್ತ?" ಹುಲಿಗೆಮ್ಮ ತಟ್ಟೆಗೆ ತುಪ್ಪ ಬಿಡುತ್ತಲೇ ಹೇಳಿದಳು. "ಹನ್ನೆರಡು ಸಾಲಿಗೆ ಹಾಕು, ನಾಕು ಸಾಲು ಬಿಡು ಅಂದ್ರ ಹೆಂಗ್ರಿ? ಅವೇನ ಪಾಪ ಮಾಡ್ಯಾವು? ಔಷಧದ ಡ್ರಮ್ ತೊಳೆದ ನೀರರ ಇರತೈತಲ್ರಿ. ಸುಮ್ನ ಚೆಲ್ಲೂದು ಯಾಕಂತ ದಿನಾ ಮುಂಜಾನೆ ಚೊಂಬಿನಿಂದ ಅವಕ್ಕ ಚಿಮುಕಸ್ತೀನಿ. ನಿಮ್ಮ ಔಷಧ ಒಂದ ಹನಿ ಮುಟ್ಟಿಲ್ರಿ ನಾ."

ಧೃತಿಯ ಕೈ ತಟ್ಟೆಯಲ್ಲೇ ನಿಂತಿತು. ಮೌಲಾಲಿ ತುತ್ತು ನುಂಗುವುದನ್ನು ಮರೆತ. ಸಾಕ್ಷಿಗೆ ನಲ್ಲಿ ಗೊತ್ತಿತ್ತು, ಪಂಪು ಗೊತ್ತಿತ್ತು, ಗಾಳಿಯ ತೇವ ಗೊತ್ತಿತ್ತು. ಚೊಂಬಿನ ಮೇಲೆ ಕಣ್ಣಿಡಬೇಕೆಂದು ಅದನ್ನು ಕಟ್ಟಿದ ಯಾವ ಜಾಣನಿಗೂ ಹೊಳೆದಿರಲಿಲ್ಲ.

ಧೃತಿ ಎದ್ದು ಕೈ ತೊಳೆಯದೆ ಅಂಗಳಕ್ಕೆ ಹೋದಳು. ಹುಲಿಗೆಮ್ಮ ಹಿಂದೆಯೇ ಬಂದಳು.

"ಯಾಕ ಯವ್ವಾ, ಏನಾತು?"

"ಆ ನಾಲ್ಕು ಸಾಲು ಸಾಯ್ಬೇಕಿತ್ತಮ್ಮ." ಧೃತಿ ಸಸಿತೋಟದತ್ತ ಕೈ ತೋರಿಸಿದಳು. "ಅವು ಸತ್ರೇನೇ ಉಳಿದವು ಔಷಧದಿಂದ ಬದುಕಿದ್ವು ಅಂತ ಗೊತ್ತಾಗೋದು. ಎಲ್ಲಾ ಬದುಕಿಬಿಟ್ರೆ ಯಾರು ನಂಬ್ತಾರೆ? ಔಷಧ ಇಲ್ದೇನೂ ಬದುಕ್ತವೆ ಅಂತಾರೆ. ಔಷಧ ಹಾಕದೇ ನೆಡ್ತಾರೆ, ಸವಳಲ್ಲಿ ಎಲ್ಲಾ ಒಣಗತ್ತೆ, ಆಮೇಲೆ ಮರಾನೂ ಬೇಡ, ಊರು ಎತ್ತಿ ಅಂತಾರೆ."

ಹುಲಿಗೆಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಕೇಳಿದಳು: "ಇದನ್ನ ಮೊದಲ ದಿನಾನ ಯಾಕ ಹೇಳಲಿಲ್ರಿ ನನಗ?"

ಮೊದಲ ದಿನ ಧೃತಿ ಆ ಸಾಲುಗಳತ್ತ ಬೆರಳು ತೋರಿಸಿ "ಇವಕ್ಕೆ ಬರಿನೀರು ಸಾಕು" ಎಂದಿದ್ದಳು. ಅಷ್ಟೇ. ಸಮಿತಿಗೆ ನಲವತ್ತು ಪುಟ ವಿವರಣೆ ಬರೆದಿದ್ದಳು, ಚೊಂಬು ಹಿಡಿಯುವ ಕೈಗೆ ಒಂದು ಸಾಲು ಹೇಳಿರಲಿಲ್ಲ. ನಾಚಿಕೆಯಾಯಿತು, ತೀರಾ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಸಸಿತೋಟದಲ್ಲಿ ಅವಳು ಹುಲಿಗೆಮ್ಮನಿಗೆ ಹೇಳಿದ್ದು ಇಷ್ಟೇ: "ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ ತೋರ್ಸಿ."

ಡ್ರಮ್ಮಿಗೆ ಮೂರು ಕೊಡ ನೀರು ಹಾಕಿ ಕುಲುಕಿ, ಆ ನೀರನ್ನು ಬಕೆಟ್ಟಿಗೆ ಬಗ್ಗಿಸಿ, ಚೊಂಬಿನಿಂದ ತೆಗೆದು, ಅಂಗಳಕ್ಕೆ ನೀರು ಚಿಮುಕಿಸುವ ಹಾಗೆ ಹುಲಿಗೆಮ್ಮ ಎಲೆಗಳ ಮೇಲೆ ಚಿಮುಕಿಸಿದಳು. ಒಂದು ಸಸಿಗೂ ಹೆಚ್ಚಿಲ್ಲ, ಒಂದಕ್ಕೂ ಕಡಿಮೆಯಿಲ್ಲ. ಬಕೆಟ್ಟಿನ ತಳದ ನೀರನ್ನು ಧೃತಿ ಶೀಶೆಗೆ ತುಂಬಿಕೊಂಡಳು.

ಪ್ರಯೋಗಾಲಯದಲ್ಲಿ ಲೆಕ್ಕ ಸಿಕ್ಕಿತು. ತೊಳೆದ ನೀರಿನಲ್ಲಿ ಪ್ರೋಲೀನ್ ಇದ್ದದ್ದು ಔಷಧದ ಇಪ್ಪತ್ತನೆಯ ಒಂದು ಪಾಲು. ಅಷ್ಟರಿಂದ ಏನಾದೀತು? ವಿಜ್ಞಾನಿಗಳಿಗೆ ಒಂದು ಒಳ್ಳೆಯ ಚಾಳಿಯುಂಟು, ಎಷ್ಟೇ ಅತ್ತರೂ ಕುತೂಹಲ ಬಂದರೆ ಕಣ್ಣೊರೆಸಿಕೊಂಡು ಏಳುತ್ತಾರೆ. ಧೃತಿ ಹುಲಿಗೆಮ್ಮನಿಗೆ ಚಿಮುಕಿಸುವುದನ್ನು ಮುಂದುವರಿಸಲು ಹೇಳಿ, ಒಂದು ವಾರ ಎಲ್ಲ ಸಾಲಿನ ಎಲೆಗಳನ್ನೂ ದಿನಾ ಒಂದೊಂದು ಕಿತ್ತಳು. ಎಲೆ ಅರೆದು, ಅದಕ್ಕೆಂದೇ ಇರುವ ದ್ರಾವಣ ಬೆರೆಸಿ ಕುದಿನೀರಿನಲ್ಲಿ ಒಂದು ಗಂಟೆ ಇಟ್ಟರೆ, ಪ್ರೋಲೀನ್ ಇದ್ದಷ್ಟೂ ಬಣ್ಣ ಕೆಂಪಾಗುತ್ತದೆ.

ಏಳನೆಯ ದಿನ ಗಾಜಿನ ನಳಿಗೆಗಳನ್ನು ಎರಡು ಸಾಲಾಗಿ ನಿಲ್ಲಿಸಿ ಮೌಲಾಲಿಯನ್ನು ಕರೆದಳು.

"ಏನು ಕಾಣತ್ತೆ ಹೇಳಿ."

ಔಷಧ ಸಿಂಪಡಿಸಿದ ಸಾಲಿನದು ಮೊದಲೆರಡು ದಿನ ರಕ್ತಗೆಂಪು, ಮೂರನೆಯ ದಿನ ತಿಳಿ, ಐದಕ್ಕೆ ಹೆಚ್ಚುಕಡಿಮೆ ನೀರು. ಹುಲಿಗೆಮ್ಮನ ಸಾಲಿನದು ಏಳೂ ದಿನ ಒಂದೇ ಹದದ ಗುಲಾಬಿ.

"ಇದು ಮದುವಿ ಊಟ, ಅದು ದಿನದ ಊಟ," ಎಂದ ಮೌಲಾಲಿ ನಿಧಾನವಾಗಿ.

ಅವನು ಹೇಳಿದ್ದು ಅಕ್ಷರಶಃ ನಿಜ. ಒಮ್ಮೆಲೇ ಅಷ್ಟು ಪ್ರೋಲೀನ್ ಬಂದು ಬಿದ್ದಾಗ, ಸಾಕಷ್ಟಿದೆ ಎಂದು ತಿಳಿದ ಸಸಿ ತನ್ನ ಒಲೆಯನ್ನೇ ಆರಿಸಿಬಿಡುತ್ತದೆ. ಬಂದದ್ದು ಮೂರು ದಿನಕ್ಕೆ ಮುಗಿಯುತ್ತದೆ, ಒಲೆ ಮತ್ತೆ ಹೊತ್ತುವಷ್ಟರಲ್ಲಿ ಸಸಿ ಸೊರಗಿರುತ್ತದೆ. ದಿನಾ ಒಂದು ತುತ್ತು ಸಿಕ್ಕ ಸಸಿಯೋ ತನ್ನ ಒಲೆಯನ್ನೂ ಆರಿಸದೆ, ಬಂದ ತುತ್ತನ್ನೂ ಬಿಡದೆ ಬೆಳೆಯುತ್ತದೆ. ಇಪ್ಪತ್ತನೆಯ ಒಂದು ಪಾಲು ಔಷಧ, ಆರು ದಿನ ಚಿಮುಕಿಸಿದರೂ ಮೂರನೆಯ ಒಂದು ಪಾಲೂ ಆಗದು. ಫಲ ಮಾತ್ರ ಒಂದು ಕೂದಲೆಳೆ ಮೇಲೆ. ಧೃತಿ ಹನ್ನೊಂದು ವರ್ಷದಲ್ಲಿ ಕಾಣದ್ದನ್ನು ಹುಲಿಗೆಮ್ಮನ ಕೈ ಎರಡು ತಿಂಗಳಲ್ಲಿ ಮಾಡಿ ಮುಗಿಸಿತ್ತು. ಧೃತಿಗೆ ಹೊಟ್ಟೆಕಿಚ್ಚು ಆಗಬೇಕಿತ್ತು, ಆಗಲಿಲ್ಲ. ಅವಳು ಆ ಗುಲಾಬಿ ನಳಿಗೆಗಳನ್ನು ಸಂತೋಷದಿಂದ ನೋಡುತ್ತ ಕೂತಳು.

ಆದರೆ ಸಮಿತಿಗೆ ಸತ್ಯ ಹೇಳಲೇಬೇಕಿತ್ತು. ನಿಯಂತ್ರಣ ಕೋಣೆಯ ದೊಡ್ಡ ಪರದೆಯಲ್ಲಿ ಅಧ್ಯಕ್ಷರ ಮುಖ ಬಂತು. ಮಾತು ಕಡಿಮೆಯ ಹಿರಿಯರು. ಎಲ್ಲವನ್ನೂ ಕೇಳಿ, "ಅಂದರೆ ನಿಮ್ಮ ಪ್ರಯೋಗ ಕೆಟ್ಟಿದೆ. ಹೋಲಿಸಲು ಬರಿನೀರಿನ ಸಾಲೇ ಇಲ್ಲ. ಜವಾಬ್ದಾರಿ ಯಾರದು?" ಎಂದರು.

"ನನ್ನದು," ಎಂದಳು ಧೃತಿ.

"ಅವರದಲ್ರಿ, ನಂದು," ಎಂದು ಬಾಗಿಲ ಬಳಿಯಿಂದ ದನಿ ಬಂತು. ಹುಲಿಗೆಮ್ಮ ಸೆರಗು ಸರಿಮಾಡಿಕೊಂಡು ಒಳಗೆ ಬಂದು ಪರದೆಯ ಮುಂದೆ ನಿಂತಳು. "ತಪ್ಪು ಮಾಡಿದ ಕೈ ಇದು. ನನ್ನ ಬಿಡಸ್ರಿ, ಊರು ಬಿಡಸಬ್ಯಾಡ್ರಿ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಯಾರನ್ನೂ ಬಿಡಿಸಲಿಲ್ಲ. ಇನ್ನು ಅರವತ್ತು ದಿನ, ಹೊಸ ಸಸಿ, ದಿನಾ ಚಿಮುಕಿಸುವ ಒಂದು ಸಾಲು, ನಿಜವಾದ ಬರಿನೀರಿನ ಒಂದು ಸಾಲು, ಮೇಲೆ ಕ್ಯಾಮೆರಾ. ಇದೇ ಕೊನೆಯ ಅವಕಾಶ ಎಂದು ಹೇಳಿ ಮುಖ ಮರೆಯಾಯಿತು.

"ಚಿಮುಕಿಸೋ ಸಾಲು ನಿಮ್ಮದು," ಎಂದಳು ಧೃತಿ ಹೊರಗೆ ಬಂದು. "ಬರಿನೀರಿನದು ಬೇರೆಯವರಿಗೆ ಕೊಡೋಣ. ನಿಮ್ ಕೈಲಿ ಆಗಲ್ಲ ಅದು."

"ಬರಿನೀರಿನ ಸಾಲು ನನಗ ಕೊಡ್ರಿ."

"ಯಾಕಮ್ಮ?"

"ಉಳಿದ ಹೆಣ್ಮಕ್ಕಳೆಲ್ಲಾ ನನ್ನಂಗ ಅದಾರ್ರಿ. ಕ್ಯಾಮೆರಾ ಅತ್ತಾಗ ತಿರುಗಿದ್ರ ಒಂದ ಬೊಗಸಿ ಹಾಕೇ ಹಾಕ್ತಾರ. ನಾ ನಿಂತ್ರ ಯಾರೂ ಹಾಕಾಂಗಿಲ್ಲ." ಸಸಿತೋಟದತ್ತ ನೋಡಿ ಹೇಳಿದಳು: "ಉಪಾಸ ಕೆಡವೂದಾದ್ರ ಎದುರಿಗೆ ನಿಂತ ಕೆಡವಬೇಕ್ರಿ. ಹಿಂದ ಮುಖ ಮಾಡಿ ಅಲ್ಲ."

ಆ ಅರವತ್ತು ದಿನ ಧೃತಿ ನೋಡಿದ್ದನ್ನು ಮರೆಯಲಾರಳು. ಬೆಳಿಗ್ಗೆ ಆರಕ್ಕೆ ಹುಲಿಗೆಮ್ಮ ನಲವತ್ತು ಸಸಿಗೆ ಅಳೆದು ಬರಿನೀರು ಹಾಕುತ್ತಿದ್ದಳು. ಹತ್ತು ಹೆಜ್ಜೆ ಆಚೆ ಇನ್ನೊಬ್ಬಾಕೆ ಪ್ರೋಲೀನ್ ನೀರು ಚಿಮುಕಿಸುತ್ತಿದ್ದಳು. ಹದಿನೆಂಟನೆಯ ದಿನ ಬರಿನೀರಿನ ಸಸಿಗಳ ಎಲೆಯಂಚು ಕಂದಾಯಿತು. ಇಪ್ಪತ್ತಾರಕ್ಕೆ ಕೆಳಗಿನ ಎಲೆ ಉದುರಿದವು. ಮೂವತ್ತೊಂದರಂದು ಮೊದಲ ಸಸಿ ಸತ್ತಿತು. ಹುಲಿಗೆಮ್ಮ ಅದನ್ನು ಕೀಳಲಿಲ್ಲ, ಮರುದಿನವೂ ಅದರ ಪಾಲಿನ ನೀರು ಅದಕ್ಕೆ ಹಾಕಿದಳು.

ಇನ್ನೊಂದನ್ನು ಧೃತಿ ತಡವಾಗಿ ಗಮನಿಸಿದಳು. ಮಧ್ಯಾಹ್ನ ಹೆಂಗಸರೆಲ್ಲ ಬುತ್ತಿ ಬಿಚ್ಚಿ ದುಂಡಗೆ ಕೂತರೆ, ಹುಲಿಗೆಮ್ಮ ಆ ಸಾಲಿನ ಪಕ್ಕ ಕೂರುತ್ತಿದ್ದಳು. ಅವಳ ಬುತ್ತಿಯಲ್ಲಿ ಬರೀ ರೊಟ್ಟಿ. ಪಲ್ಯವಿಲ್ಲ, ಚಟ್ನಿಪುಡಿಯಿಲ್ಲ, ಉಳ್ಳಾಗಡ್ಡಿಯ ಹೋಳೂ ಇಲ್ಲ. ರೊಟ್ಟಿ ಮುರಿದು ನೀರಿನ ಜೊತೆ ನುಂಗುತ್ತಿದ್ದಳು.

"ಮನ್ಯಾಗೂ ಹಂಗ ಉಣ್ತಾಳ್ರಿ," ಎಂದ ತಿಮ್ಮಪ್ಪ, ಕೇಳಿದಾಗ. "ಹೇಳಿ ಸಾಕಾತು. ಆ ಸಾಲಿಗೆ ಇಲ್ಲದ್ದು ನನಗ ಬ್ಯಾಡಂತ. ಅರವತ್ತು ದಿನ ತಾನ, ಕಳೀತಾವ ಅಂತಾಳ."

ಧೃತಿ ಅಂದಿನಿಂದ ಆ ಮನೆಯಲ್ಲಿ ಹೋಳಿಗೆ ಮುಟ್ಟಲಿಲ್ಲ.

ಅರವತ್ತನೆಯ ದಿನ ಸಂಜೆ ನಾಲ್ಕಕ್ಕೆ ಸಾಕ್ಷಿ ತೀರ್ಪು ಕೊಟ್ಟಿತು. ಚಿಮುಕಿಸಿದ ನಲವತ್ತರಲ್ಲಿ ಮೂವತ್ತೆಂಟು ಸಸಿ ಬದುಕಿದ್ದವು, ಬರಿನೀರಿನ ನಲವತ್ತರಲ್ಲಿ ಮೂರು. ಪರದೆಯ ಮೇಲೆ ಹಸಿರು ಗೆರೆ ಒಂದು ಕಡೆ, ಕಂದು ಗೆರೆ ಎಲ್ಲೋ ತಳದಲ್ಲಿ. ಐದು ನಿಮಿಷಕ್ಕೆ ಅಧ್ಯಕ್ಷರೇ ಕರೆ ಮಾಡಿ, ಬೇವಿನ ಪಟ್ಟಿಗೆ ಒಪ್ಪಿಗೆ, ಸ್ಥಳಾಂತರದ ಆದೇಶ ರದ್ದು ಎಂದು ಹೇಳಿದರು. ವಿಧಾನಕ್ಕೊಂದು ಹೆಸರು ಬೇಕಲ್ಲ ಎಂದೂ ಕೇಳಿದರು. ಧೃತಿ ಯೋಚಿಸದೆ "ಹುಲಿಗೆಮ್ಮ ವಿಧಾನ" ಎಂದಳು. ಕೋಣೆಯ ತುಂಬ ಹೆಂಗಸರು, ನಗು, ಮಾತು. ಮೌಲಾಲಿ ಯಾರನ್ನೂ ಕೇಳದೆ ಊರಿನ ಧ್ವನಿವರ್ಧಕದಲ್ಲಿ ಸುದ್ದಿ ಹಾಕಿಯೇಬಿಟ್ಟಿದ್ದ.

ಹುಲಿಗೆಮ್ಮ ಮಾತ್ರ ಅಲ್ಲಿರಲಿಲ್ಲ.

ಧೃತಿ ಹೊರಗೆ ಬಂದಳು. ಹುಲಿಗೆಮ್ಮ ಬರಿನೀರಿನ ಸಾಲಿನ ತಲೆಯ ಬಳಿ ನಿಂತಿದ್ದಳು. ಕಾಲ ಬಳಿ ಬಕೆಟ್ಟು, ಅದರ ತುಂಬ ಡ್ರಮ್ ತೊಳೆದ ನೀರು. ಕೈಯಲ್ಲಿ ಚೊಂಬು. ಮುಟ್ಟಿರಲಿಲ್ಲ, ಕಾಯುತ್ತಿದ್ದಳು.

"ಮುಗೀತೇನ್ರಿ ಟೈಮು?"

"ಮುಗೀತಮ್ಮ. ಊರು ಉಳೀತು."

ಹುಲಿಗೆಮ್ಮ ತಲೆಯಾಡಿಸಿದಳು. ಚೊಂಬು ಅದ್ದಿದಳು. ಬದುಕಿದ್ದ ಮೂರು ಸಸಿಗಳು ಸಾಲಿನ ನಡುವೆ ಅಲ್ಲೊಂದು ಇಲ್ಲೊಂದು ಇದ್ದವು. ಅವಳು ಅವುಗಳ ಕಡೆ ಹೋಗಲಿಲ್ಲ. ಮೊದಲ ಚೀಲದ ಮುಂದೆ ಬಗ್ಗಿದಳು. ಅದರಲ್ಲಿದ್ದುದು ಒಂದು ಒಣ ಕಡ್ಡಿ. ಅದರ ಮೇಲೆ ನಾಲ್ಕು ಹನಿ ಚಿಮುಕಿಸಿ, "ಊಟಕ್ಕ ತಡ ಆತು, ತಪ್ಪು ತಿಳೀಬ್ಯಾಡವ್ವ," ಎಂದಳು. ಎರಡನೆಯ ಚೀಲಕ್ಕೆ ಸರಿದಳು, ಅದಕ್ಕೂ ಅಷ್ಟೇ ಹನಿ, ಅದೇ ಮಾತು. ಮೂರನೆಯದಕ್ಕೂ ಹಾಗೆಯೇ.

ಸಿಹಿ ಹಿಡಿದುಕೊಂಡು ಹಿಂದೆ ಬಂದಿದ್ದ ಮೌಲಾಲಿ ಅದನ್ನು ಕೆಳಗಿಟ್ಟ. ಧೃತಿ ಗೋಡೆಯ ಬಳಿಯಿದ್ದ ಇನ್ನೊಂದು ಚೊಂಬನ್ನು ತಂದು ಬಕೆಟ್ಟಿನಲ್ಲಿ ಅದ್ದಿಕೊಂಡು, ಸಾಲಿನ ಆ ತುದಿಯಿಂದ ಬಡಿಸುತ್ತ ಬಂದಳು.